ದಾರಿಯ ಬುತ್ತಿ: ಪ್ರಯಾಣಕಾಲದ ಆಹಾರವನ್ನು ಕುರಿತು ಒಂದು ವಿವೇಚನೆ

ಮನೆಯಲ್ಲಿ ಉಣ್ಣುವವನ ಆಹಾರಕ್ಕೆ ನಾಲ್ಕು ಬಗೆಯ ಕಾವಲುಂಟು: ಆಗತಾನೆ ಇಳಿಸಿದ ಅಡಿಗೆಯ ಬಿಸಿ, ಗುಣ ಗೊತ್ತಿರುವ ನೀರು, ತೊಳೆದ ಕೈ ಮತ್ತು ಪಾತ್ರೆ, ನಿಯತವಾದ ಹೊತ್ತು. ಹೊಸ್ತಿಲು ದಾಟಿ ದಾರಿ ಹಿಡಿದ ಕೂಡಲೆ ಈ ಕಾವಲುಗಳು ಒಂದೊಂದಾಗಿ ಸಡಿಲವಾಗುತ್ತವೆ. ಅಡಿಗೆಯಾಗಿ ಎಷ್ಟು ಹೊತ್ತಾಯಿತೆಂಬುದು ತಿಳಿಯದು. ನೀರು ಯಾವ ಬಾವಿಯದೋ ಯಾವ ತೊಟ್ಟಿಯದೋ ತಿಳಿಯದು. ಬಡಿಸುವ ಕೈ ಪರಿಚಿತವಲ್ಲ. ಹಸಿವಾದಾಗ ಊಟ ಸಿಕ್ಕದು, ಊಟ ಸಿಕ್ಕಿದಾಗ ಹಸಿವಿರದು. ಹೀಗಾಗಿ ಹೊಟ್ಟೆ ಕೆಟ್ಟರೆ ‘ನೀರು ಬದಲಾಯಿತು’ ಎಂಬ ಒಂದೇ ಮಾತಿನಿಂದ ಜನರು ಸಮಾಧಾನ ಪಡುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಅದು ಪೂರ್ಣಸತ್ಯವಲ್ಲ.

ಪ್ರತಿವರ್ಷವೂ ಕಾಲೇಜುಗಳಿಂದ ವಿದ್ಯಾರ್ಥಿಗಳ ತಂಡಗಳು ಅಧ್ಯಯನ ಪ್ರವಾಸಕ್ಕೆ ಹೊರಡುತ್ತವೆ. ಬಸ್ಸು, ವಸತಿ, ನೋಡತಕ್ಕ ಸ್ಥಳ ಇವುಗಳ ವಿಷಯದಲ್ಲಿ ಸಾಕಷ್ಟು ಆಲೋಚನೆ ನಡೆಯುತ್ತದೆ. ಆಹಾರದ ವಿಷಯವನ್ನು ಮಾತ್ರ ದಾರಿಗೆ ಬಿಟ್ಟುಬಿಡುವುದು ವಾಡಿಕೆ. ಒಬ್ಬರ ಹೊಟ್ಟೆ ಕೆಟ್ಟರೆ ನಲವತ್ತು ಮಂದಿಯ ಪ್ರವಾಸವೇ ನಿಂತುಹೋಗಬಹುದೆಂಬುದನ್ನು ಅಧ್ಯಾಪಕರಿಗೆ ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ಶಾಸ್ತ್ರೀಯವಾಗಿ ಪರಿಶೀಲಿಸುವುದು ಉಚಿತ. ನಮ್ಮ ಅಭಿಪ್ರಾಯವನ್ನು ಮೊದಲೇ ಸಂಗ್ರಹವಾಗಿ ಹೇಳುವುದಾದರೆ, ಹಿರಿಯರ ಬುತ್ತಿಯ ಹಿಂದಿರುವ ತತ್ತ್ವ ಇಂದಿಗೂ ಸಾಧುವಾದುದು. ಆದರೆ ಆ ಬುತ್ತಿ ಹುಟ್ಟಿದ್ದು ನಡೆಯುವವನಿಗಾಗಿ. ನಾವೋ ಕುಳಿತು ಪ್ರಯಾಣ ಮಾಡುವವರು. ತತ್ತ್ವವನ್ನು ಉಳಿಸಿಕೊಂಡು ಪದಾರ್ಥಗಳನ್ನು ಬದಲಿಸಿಕೊಳ್ಳುವುದೇ ಈಗ ಆಗಬೇಕಾದ ಕೆಲಸ.

೧. ಕಟ್ಟೋಗರದ ಪರಂಪರೆ

ಪಥಕ್ಕೆ ಬೇಕಾದ ಆಹಾರವನ್ನು ಸಂಸ್ಕೃತದಲ್ಲಿ ‘ಪಾಥೇಯ’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ‘ಬುತ್ತಿ’ ಎಂಬ ಮಾತಿನ ಜೊತೆಗೆ ‘ಕಟ್ಟೋಗರ’ ಎಂಬ ಸೊಗಸಾದ ಮಾತೂ ಉಂಟು. ಓಗರವೆಂದರೆ ಅನ್ನ, ಕಟ್ಟಿಕೊಂಡು ಹೋಗುವ ಅನ್ನವೇ ಕಟ್ಟೋಗರ. ಹುಳಿ ಬೆರೆತ ಓಗರ ಪುಳಿಯೋಗರೆ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆ, ತಂಗಲು ಎಡೆ ಕೊಡುವ ಛತ್ರ ಇವು ಧರ್ಮಕಾರ್ಯಗಳೆಂದು ಪರಿಗಣಿತವಾಗಿದ್ದುವು. ಇವನ್ನೆಲ್ಲ ಒಟ್ಟಿಗೆ ನೋಡಿದರೆ, ದಾರಿಯ ಅನ್ನವೂ ದಾರಿಯ ನೀರೂ ನಮ್ಮ ನಾಡಿನಲ್ಲಿ ಎಷ್ಟು ಮುಖ್ಯವೆನಿಸಿದ್ದುವೆಂಬುದು ಗೊತ್ತಾಗುತ್ತದೆ.

ಬುತ್ತಿಯ ಸ್ವರೂಪ ಸೀಮೆಯಿಂದ ಸೀಮೆಗೆ ಬೇರೆಯಾಗಿದೆ. ಉತ್ತರ ಕರ್ನಾಟಕದಲ್ಲಿ ಒಣಗಿಸಿದ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಹಳೆಯ ಮೈಸೂರಿನ ಕಡೆ ಪುಳಿಯೋಗರೆ, ಮೊಸರನ್ನ, ರಾಗಿಯ ಹುರಿಹಿಟ್ಟು. ಕರಾವಳಿಯಲ್ಲಿ ಅವಲಕ್ಕಿ, ಬೆಲ್ಲ. ಯುಗಾದಿಯ ಮುನ್ನ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರಲ್ಲಿ ರೊಟ್ಟಿ-ಚಟ್ನಿಯ ಗಂಟನ್ನು ಈಗಲೂ ಕಾಣಬಹುದು. ಬಿಸಿಲಿನಲ್ಲಿ ದಿನಗಟ್ಟಲೆ ಹೊತ್ತರೂ ಆ ರೊಟ್ಟಿ ಕೆಡುವುದಿಲ್ಲ. ಇದಕ್ಕೆ ಕಾರಣವೇನು?

೨. ಬುತ್ತಿ ಕೆಡದಿರುವ ಬಗೆ

ಆಹಾರವನ್ನು ಕೆಡಿಸುವ ಬ್ಯಾಕ್ಟೀರಿಯಗಳಿಗೆ ಬೇಕಾದುದು ತೇವ, ಹಿತವಾದ ಉಷ್ಣತೆ ಮತ್ತು ಕಾಲ. ೫ರಿಂದ ೬೦ ಡಿಗ್ರಿ ಸೆಂಟಿಗ್ರೇಡಿನವರೆಗಿನ ಉಷ್ಣತೆ ಅವುಗಳಿಗೆ ಅನುಕೂಲವಾದುದು. ಬಸ್ಸಿನಲ್ಲಿ ಕಾಲಬುಡದಲ್ಲಿಟ್ಟ ಡಬ್ಬಿ ಈ ಎರಡು ಅಂಕೆಗಳ ನಡುವೆಯೇ ಇರುತ್ತದೆ. ಬೇಯಿಸಿದ ಆಹಾರವನ್ನು ಸಾಮಾನ್ಯ ಉಷ್ಣತೆಯಲ್ಲಿ ಎರಡು ಗಂಟೆಗೂ ಮೀರಿ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣದಿಂದಲೇ.

ಅನ್ನದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಂದದ್ದು ಶುದ್ಧವಾದುದೆಂಬುದು ಸಾಮಾನ್ಯ ನಂಬಿಕೆ. ಆದರೆ ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಕುದಿಯುವ ನೀರಿನಲ್ಲಿಯೂ ಬದುಕಿ ಉಳಿಯಬಲ್ಲವು. ಅನ್ನವು ಉಗುರುಬೆಚ್ಚಗೆ ಗಂಟೆಗಟ್ಟಲೆ ಕುಳಿತರೆ ಅವು ಮೊಳೆತು ವೃದ್ಧಿಯಾಗಿ ಒಂದು ಬಗೆಯ ನಂಜನ್ನು ಉಂಟುಮಾಡುತ್ತವೆ. ಅಂಥ ಅನ್ನವನ್ನುಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ ತೊಡಗುತ್ತದೆ. ಗಮನಿಸತಕ್ಕ ಅಂಶವೇನೆಂದರೆ, ಈ ನಂಜು ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ. ‘ಇನ್ನೊಮ್ಮೆ ಬಿಸಿಮಾಡಿದರಾಯಿತು’ ಎಂಬ ಧೈರ್ಯಕ್ಕೆ ಆಧಾರವಿಲ್ಲ.

ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯಗಳು ಎರಡು. ಮೊದಲನೆಯದು ತೇವವನ್ನು ತೆಗೆಯುವುದು. ಖಡಕ್ ರೊಟ್ಟಿ, ಅವಲಕ್ಕಿ, ಹುರಿಗಡಲೆ, ಹುರಿಹಿಟ್ಟು, ಚಟ್ನಿಪುಡಿ ಇವುಗಳಲ್ಲಿ ಬ್ಯಾಕ್ಟೀರಿಯಗಳಿಗೆ ದಕ್ಕುವಷ್ಟು ನೀರೇ ಇಲ್ಲ. ಆದರೆ ತೇವ ತಗುಲಿದರೆ ಈ ರಕ್ಷೆ ಹೋಗುತ್ತದೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುವ ಸಂಭವವುಂಟಾದುದರಿಂದ ಅದನ್ನು ಆರಿಸಿ ತಿನ್ನದೆ ಪೂರ್ತಿಯಾಗಿ ಬಿಸುಡುವುದೇ ಲೇಸು.

ಎರಡನೆಯ ಉಪಾಯ ಹುಳಿ. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ ೭ ತಟಸ್ಥ. ಅಂಕೆ ಇಳಿದಷ್ಟೂ ಹುಳಿ ಹೆಚ್ಚು. ೪.೬ಕ್ಕಿಂತ ಕೆಳಗೆ ಬೊಟುಲಿಸಂ ಎಂಬ ಘೋರವ್ಯಾಧಿಯನ್ನು ತರುವ ಬ್ಯಾಕ್ಟೀರಿಯ ಬೆಳೆಯಲಾರದು. ಇನ್ನು ಹಲವು ಬ್ಯಾಕ್ಟೀರಿಯಗಳ ಬೆಳೆವಣಿಗೆಯೂ ಕುಂಠಿತವಾಗುತ್ತದೆ. ಪುಳಿಯೋಗರೆಯ ಗೊಜ್ಜಿನಲ್ಲಿ ಹುಣಿಸೆಯ ಟಾರ್ಟಾರಿಕ್ ಆಮ್ಲ, ಉಪ್ಪು, ಎಣ್ಣೆ ಇವು ಕುದಿದು ಗಟ್ಟಿಯಾಗಿರುತ್ತವೆ. ಮೊಸರನ್ನವನ್ನು ಕಾಯುವುದು ಲ್ಯಾಕ್ಟಿಕ್ ಆಮ್ಲ. ದೂರದ ಪ್ರಯಾಣವಾದರೆ ಹಾಲನ್ನು ಹೆಚ್ಚಾಗಿಯೂ ಮೊಸರನ್ನು ಸ್ವಲ್ಪವಾಗಿಯೂ ಹಾಕಿ ಕಲಸುವ ಪದ್ಧತಿಯುಂಟು. ಉಣ್ಣುವ ಹೊತ್ತಿಗೆ ಹಾಲು ಹೆಪ್ಪಾಗಿ ಅನ್ನವು ಹಿತವಾದ ಹುಳಿಗೆ ಬಂದಿರುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಗೊಜ್ಜು ತಿಂಗಳುಗಟ್ಟಲೆ ಇರುತ್ತದೆಂದು ಕಲಸಿದ ಅನ್ನವೂ ಹಾಗೆಯೇ ಇರುತ್ತದೆಂದು ಭಾವಿಸಲಾಗದು. ಗೊಜ್ಜು ಸೋಕದೆ ಬಿಳುಪಾಗಿ ಉಳಿದ ಅಗುಳು ಬರಿಯ ಅನ್ನವೇ ಸರಿ. ಅದಕ್ಕೆ ಯಾವ ರಕ್ಷೆಯೂ ಇಲ್ಲ. ತೆಂಗಿನತುರಿಯೂ ಈರುಳ್ಳಿಯೂ ಬೆರೆತ ಚಿತ್ರಾನ್ನ ಇನ್ನೂ ಬೇಗ ಹಳಸುತ್ತದೆ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಒಂದೊಂದು ಅಗುಳಿಗೂ ಹುಳಿ ಹತ್ತುವಂತೆ ಕಲಸಿ, ಅದೇ ದಿನ ಉಂಡು ಮುಗಿಸುವುದು ಕ್ಷೇಮ.

ಈ ಅನುಭವಜ್ಞಾನದ ಮುಂದುವರಿಕೆಯೆಂಬಂತೆ ಮೈಸೂರಿನಲ್ಲಿ ನಡೆದಿರುವ ಕಾರ್ಯವನ್ನು ಸ್ಮರಿಸಬೇಕು. ೧೯೫೦ರಲ್ಲಿ ಅಲ್ಲಿ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ ಪ್ರಾರಂಭವಾಯಿತು. ೧೯೬೧ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯವು ಒಲೆಯಿಲ್ಲದ ಕಡೆಗಳಲ್ಲಿ ಸೈನಿಕರು ಉಣ್ಣಬಹುದಾದ ಸಿದ್ಧ ಆಹಾರಗಳನ್ನು ರೂಪಿಸಿತು. ಆಹಾರವನ್ನು ಚೀಲದಲ್ಲಿ ಮುಚ್ಚಿ ಮೊಹರುಮಾಡಿ, ಒತ್ತಡದಲ್ಲಿ ಸುಮಾರು ೧೨೦ ಡಿಗ್ರಿಗೆ ಕಾಯಿಸಿದರೆ ಬೀಜಕಗಳೂ ನಾಶವಾಗುತ್ತವೆ. ಬುತ್ತಿಯ ಎರಡು ಉಪಾಯಗಳಿಗೆ ಇದು ಮೂರನೆಯದಾಗಿ ಸೇರಿತೆನ್ನಬಹುದು.

೩. ಹಳೆಯ ಬುತ್ತಿ, ಹೊಸ ಪ್ರಯಾಣಿಕ

ಕೆಡದ ಆಹಾರವೆಲ್ಲವೂ ಪುಷ್ಟಿಕರವಾದ ಆಹಾರವಲ್ಲ. ೬೦ ಕಿಲೋಗ್ರಾಂ ತೂಕದವನು ಒಂದು ಕಿಲೋಮೀಟರು ನಡೆಯಲು ಸುಮಾರು ೪೦ರಿಂದ ೫೦ ಕಿಲೋಕ್ಯಾಲೊರಿ ಶಕ್ತಿ ಬೇಕಾಗುತ್ತದೆ. ದಿನಕ್ಕೆ ೩೦ ಕಿಲೋಮೀಟರು ನಡೆಯುವ ಯಾತ್ರಿಕನಿಗೆ ನಡಿಗೆಯೊಂದಕ್ಕೇ ೧,೨೦೦ರಿಂದ ೧,೫೦೦ ಕಿಲೋಕ್ಯಾಲೊರಿ ಸಲ್ಲುತ್ತದೆ. ಅವನಿಗೆ ಎಣ್ಣೆ, ಬೆಲ್ಲ, ಅನ್ನ ಎಲ್ಲವೂ ಹಿತವೇ. ಬೆವರಿನಲ್ಲಿ ಉಪ್ಪು ಹೋಗುವುದರಿಂದ ಉಪ್ಪೂ ಬೇಕು. ಬಸ್ಸಿನಲ್ಲಿ ಎಂಟು ಗಂಟೆ ಕುಳಿತವನಿಗೆ ಈ ವ್ಯಯವಿಲ್ಲ. ಅವನು ನಡೆಯುವವನ ಊಟವನ್ನುಂಡರೆ ಹೊಟ್ಟೆಯುಬ್ಬರ, ಎದೆಯುರಿ, ಮಲಬದ್ಧತೆ ಇವು ಬೆನ್ನುಹತ್ತುತ್ತವೆ. ಇದರ ಮೇಲೆ ಚಕ್ಕುಲಿ, ಕೋಡುಬಳೆ, ಅಂಗಡಿಯ ಕರಿದ ಪೊಟ್ಟಣಗಳು ಸೇರಿದರೆ, ದಿನಕ್ಕೆ ೫ ಗ್ರಾಂಗಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ಮಧ್ಯಾಹ್ನಕ್ಕೇ ಮೀರಿಹೋದರೆ ಸೋಜಿಗವಿಲ್ಲ.

ಕುಳಿತ ಪ್ರಯಾಣಿಕನ ಬುತ್ತಿಯಲ್ಲಿ ಪಿಷ್ಟ ಕಡಿಮೆಯಾಗಿ, ಪ್ರೋಟೀನು ಮತ್ತು ನಾರು ಹೆಚ್ಚಬೇಕು. ಇದಕ್ಕೆ ಬೇಕಾದ ಪದಾರ್ಥಗಳು ನಮ್ಮಲ್ಲಿಯೇ ಇವೆ. ೧೦೦ ಗ್ರಾಂ ಶೇಂಗಾದಲ್ಲಿ ಸುಮಾರು ೨೫ ಗ್ರಾಂ ಪ್ರೋಟೀನುಂಟು. ಹುರಿಗಡಲೆಯಲ್ಲಿ ೨೦ ಗ್ರಾಂಗೂ ಮಿಗಿಲು. ೧೦೦ ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿರುವುದರಿಂದ, ಮಜ್ಜಿಗೆಯಲ್ಲಿ ಕಲಸಿದ ಹುರಿಹಿಟ್ಟು ಒಲೆಯ ಹಂಗಿಲ್ಲದ ಒಳ್ಳೆಯ ಊಟವಾಗುತ್ತದೆ. ಬಾಳೆ, ಕಿತ್ತಳೆಗಳಿಗೆ ಸಿಪ್ಪೆಯೇ ಹೊದಿಕೆ. ಸೌತೆಕಾಯನ್ನು ತೊಳೆದು ಇಡಿಯಾಗಿಯೇ ಒಯ್ದು ತಿನ್ನುವಾಗ ಹೆಚ್ಚಿಕೊಳ್ಳಬೇಕು.

ಉಣ್ಣುವ ಕ್ರಮಕ್ಕೂ ಒಂದು ಸೂತ್ರವನ್ನು ಹೇಳಬಹುದು: ಮೊದಲು ತೇವದ್ದು, ಬಳಿಕ ಹುಳಿಯದ್ದು, ಕಡೆಗೆ ಒಣದು. ಬೆಳಗ್ಗೆ ಹೊರಟವರು ಇಡ್ಲಿಯನ್ನೋ ಚಪಾತಿ-ಪಲ್ಯವನ್ನೋ ಎರಡು ಗಂಟೆಯೊಳಗೆ ಮುಗಿಸಿ, ಮಧ್ಯಾಹ್ನ ಪುಳಿಯೋಗರೆಯನ್ನೋ ಮೊಸರನ್ನವನ್ನೋ ಮಿತವಾಗಿ ಉಂಡು, ರಾತ್ರಿಗೆ ರೊಟ್ಟಿ, ಚಟ್ನಿಪುಡಿ, ಹುರಿಗಡಲೆಗಳನ್ನು ಉಳಿಸಿಕೊಂಡರೆ ಬುತ್ತಿ ಕೆಡುವ ಪ್ರಸಂಗವೇ ಬಾರದು.

೪. ಉಪಾಹಾರ ಮಂದಿರದಲ್ಲಿ ಆಯ್ಕೆ

ಬುತ್ತಿ ಎಲ್ಲ ಕಾಲಕ್ಕೂ ಸಾಲದು, ಹೋಟೆಲಿಗೆ ಹೋಗಲೇಬೇಕಾಗುತ್ತದೆ. ಅಲ್ಲಿ ನೋಡಬೇಕಾದುದು ಗೋಡೆಯ ಬಣ್ಣವನ್ನಲ್ಲ, ಒಲೆಗೂ ಎಲೆಗೂ ನಡುವಣ ಕಾಲವನ್ನು. ಹಬೆಯಿಂದ ಆಗಲೇ ತೆಗೆದ ಇಡ್ಲಿ, ಕಾವಲಿಯಿಂದ ನೇರವಾಗಿ ಬಂದ ದೋಸೆ, ಕುದಿಯುತ್ತಿರುವ ಸಾರು ಇವು ಸಣ್ಣ ಹೋಟೆಲಿನಲ್ಲಿಯೂ ನಿರಪಾಯವಾಗಿರಬಹುದು. ಬೆಳಗ್ಗೆ ರುಬ್ಬಿಟ್ಟ ತೆಂಗಿನಕಾಯಿ ಚಟ್ನಿ, ಹೆಚ್ಚಿಟ್ಟ ಹಣ್ಣು, ಹಸಿ ಕೋಸಂಬರಿ, ಮಂಜುಗಡ್ಡೆ ಹಾಕಿದ ಪಾನಕ ಇವು ದೊಡ್ಡ ಹೋಟೆಲಿನಲ್ಲಿಯೂ ಅಪಾಯಕರವಾಗಬಹುದು. ಜನ ಹೆಚ್ಚಾಗಿ ಬರುವ ಹೊತ್ತಿನಲ್ಲಿ ಅಡಿಗೆ ಬೇಗ ಬೇಗ ಖರ್ಚಾಗುವುದರಿಂದ, ಆ ಹೊತ್ತಿನಲ್ಲೇ ಉಣ್ಣುವುದು ಜಾಣತನ. ಪದೇ ಪದೇ ಕಾಯಿಸಿ ಕಪ್ಪಾದ ಎಣ್ಣೆಯಲ್ಲಿ ಕರಿದ ಬಜ್ಜಿ, ಬೋಂಡಗಳನ್ನು ಬಿಡುವುದು ಒಳ್ಳೆಯದು.

೫. ನೀರಿನ ವಿಷಯ

ನೀರು ಬುರಬುರನೆ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಹಾಗೆಯೇ ಕುದಿಸಿದರೆ ರೋಗಾಣುಗಳು ನಾಶವಾಗುತ್ತವೆ. ಅಂಥ ನೀರನ್ನು ಮನೆಯಿಂದಲೇ ಒಯ್ಯುವುದು ಉತ್ತಮ; ತೀರಿದಾಗ ಮೊಹರು ಒಡೆಯದ ಸೀಸೆಯ ನೀರಾಗಲಿ, ಕಣ್ಣೆದುರಿಗೆ ಕೆತ್ತಿಸಿದ ಎಳನೀರಾಗಲಿ ಆಗಬಹುದು.

ಆದರೆ ನೀರಿನ ಅಶುದ್ಧತೆಗಿಂತಲೂ ಗುಪ್ತವಾದ ಇನ್ನೊಂದು ಕಷ್ಟವುಂಟು. ದಾರಿಯಲ್ಲಿ ಶುಚಿಯಾದ ಶೌಚಗೃಹ ಸಿಕ್ಕಲಾರದೆಂಬ ಭಯದಿಂದ ಅನೇಕ ಸ್ತ್ರೀಯರು ಪ್ರಯಾಣದುದ್ದಕ್ಕೂ ನೀರನ್ನೇ ಕುಡಿಯುವುದಿಲ್ಲ. ತಲೆನೋವು, ಮಲಬದ್ಧತೆ, ಮೂತ್ರನಾಳದ ಸೋಂಕು ಇವುಗಳಿಗೆ ಇದು ದಾರಿಮಾಡಿಕೊಡುತ್ತದೆ. ಇದನ್ನು ಅವರ ಅಲಕ್ಷ್ಯವೆಂದು ಎಣಿಸುವುದು ಅನ್ಯಾಯ. ಬಸ್ಸು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವವರು ಊಟದ ಜಾಗವನ್ನು ನೋಡುವಂತೆ ಶೌಚಗೃಹವನ್ನೂ ನೋಡಬೇಕು. ಹಾಗೆ ನಿಂತಾಗ ನಾಲ್ಕು ಹೆಜ್ಜೆ ಅಡ್ಡಾಡುವುದೂ ಅವಶ್ಯಕ. ನಾಲ್ಕು ಗಂಟೆಗೂ ಮೀರಿ ಕದಲದೆ ಕುಳಿತು ಪ್ರಯಾಣಮಾಡಿದರೆ ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆಂದು ತಿಳಿದುಬಂದಿದೆ.

ಇಷ್ಟೆಲ್ಲ ಎಚ್ಚರಿಕೆಯಿದ್ದೂ ಭೇದಿ ತೊಡಗಿದರೆ ಮೊದಲು ಮಾಡಬೇಕಾದುದು ಕಳೆದುಹೋದ ನೀರನ್ನೂ ಲವಣವನ್ನೂ ತುಂಬಿಕೊಡುವುದು. ೧೯೭೧ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಲವಣದ್ರಾವಣ ತೀರಿಹೋದಾಗ, ಡಾ. ದಿಲೀಪ್ ಮಹಲನೋಬಿಸ್ ಅವರು ಉಪ್ಪು, ಸೋಡ, ಗ್ಲೂಕೋಸು ಬೆರೆಸಿದ ನೀರನ್ನು ಕುಡಿಸುವ ವ್ಯವಸ್ಥೆ ಮಾಡಿದರು. ನೂರಕ್ಕೆ ಮೂವತ್ತರವರೆಗೆ ಇದ್ದ ಮರಣ ನಾಲ್ಕಕ್ಕಿಂತ ಕೆಳಗಿಳಿಯಿತು. ಗ್ಲೂಕೋಸಿನ ಜೊತೆಯಲ್ಲಿದ್ದರೆ ಸಣ್ಣ ಕರುಳು ಲವಣವನ್ನೂ ನೀರನ್ನೂ ಚೆನ್ನಾಗಿ ಹೀರಿಕೊಳ್ಳುವುದೇ ಇದರ ರಹಸ್ಯ. ಔಷಧದಂಗಡಿಯಲ್ಲಿ ಸಿಕ್ಕುವ ಇಂಥ ಪುಡಿಯ ಪೊಟ್ಟಣಗಳು ಪ್ರತಿಯೊಂದು ಬುತ್ತಿಯಲ್ಲೂ ಇರತಕ್ಕವು. ಅವು ಇಲ್ಲದಾಗ ಒಂದು ಲೀಟರು ಶುದ್ಧವಾದ ನೀರಿಗೆ ಆರು ಸಮಚಮಚೆ ಸಕ್ಕರೆ, ಅರ್ಧ ಸಮಚಮಚೆ ಉಪ್ಪು ಹಾಕಬಹುದು, ಚಮಚೆ ಚಹದ್ದು. ಅಳತೆ ಮೀರಬಾರದು. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮೂತ್ರ ನಿಂತರೆ ವೈದ್ಯರಲ್ಲಿಗೆ ಹೋಗುವುದಕ್ಕೆ ತಡಮಾಡಲಾಗದು.

೬. ವಿಶೇಷ ಗಮನ ಬೇಕಾದವರು

ಬಸ್ಸಿನಲ್ಲಿ ಎಲ್ಲರ ಪ್ರಾಣವೂ ಯಾರ ಕೈಯಲ್ಲಿದೆಯೋ ಆ ಚಾಲಕನ ಊಟದ ಕಡೆಗೆ ಗಮನ ಕೊಡುವವರು ವಿರಳ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಬೆಳಗಿನ ಜಾವ ಎರಡರಿಂದ ಆರರವರೆಗೆ ದೇಹವು ತಾನಾಗಿಯೇ ನಿದ್ರೆಯ ಕಡೆಗೆ ಒಲೆಯುತ್ತದೆ. ಅನ್ನವೂ ಎಣ್ಣೆಯೂ ಹೇರಳವಾದ ಊಟ ಆ ಮಂಪರನ್ನು ಹೆಚ್ಚಿಸುತ್ತದೆ. ಆತನು ಲಘುವಾಗಿ ಎರಡು ಸಲ ಉಂಡು, ಉಂಡಮೇಲೆ ಸ್ವಲ್ಪ ವಿಶ್ರಾಂತಿ ಪಡೆಯುವಂತೆ ಕಾಲವನ್ನು ಬಿಡಬೇಕು. ಕಾಫಿ ನಿದ್ರೆಗೆ ಪ್ರತಿಯಾಗಲಾರದು.

ಮಧುಮೇಹಿಗಳು ಇನ್ಸುಲಿನ್ನನ್ನೋ ಗುಳಿಗೆಯನ್ನೋ ತೆಗೆದುಕೊಂಡಮೇಲೆ ಊಟ ತಡವಾದರೆ ರಕ್ತದ ಸಕ್ಕರೆ ತಟ್ಟನೆ ಇಳಿಯಬಹುದು. ನಡುಕ, ಬೆವರು, ಕಣ್ಣುಕತ್ತಲೆ ಇದರ ಲಕ್ಷಣಗಳು. ಸುಮಾರು ೧೫ ಗ್ರಾಂ ಸಕ್ಕರೆಯನ್ನಾದರೂ ಗ್ಲೂಕೋಸನ್ನಾದರೂ ಅವರು ಕೈಗೆಟಕುವಂತೆ ಇಟ್ಟುಕೊಂಡಿರಬೇಕು. ಬಸ್ಸಿನ ಮೇಲೆ ಕಟ್ಟಿದ ಪೆಟ್ಟಿಗೆಯಲ್ಲಿದ್ದರೆ ಪ್ರಯೋಜನವಿಲ್ಲ.

ಮೇಲಿನ ವಿವೇಚನೆಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ದಾರಿಯಲ್ಲಿ ಆರೋಗ್ಯದಿಂದಿರಲು ಹೆಚ್ಚಿನ ಹಣವಾಗಲಿ ಅಪೂರ್ವವಾದ ಆಹಾರವಾಗಲಿ ಬೇಕಿಲ್ಲ. ಹೊರಡುವ ಮುನ್ನ ಒಂದು ಗಂಟೆಯ ಆಲೋಚನೆ ಬೇಕು. ಪ್ರವಾಸದ ಕಾರ್ಯಕ್ರಮವನ್ನು ಬರೆಯುವ ಅಧ್ಯಾಪಕರು ಸ್ಥಳಗಳ ಪಟ್ಟಿಯ ಪಕ್ಕದಲ್ಲಿಯೇ ಪ್ರತಿಯೊಂದು ಊಟದ ಹೊತ್ತು, ನೀರು ತುಂಬಿಕೊಳ್ಳುವ ಜಾಗ, ಬಸ್ಸು ನಿಲ್ಲುವ ತಾಣ ಇವನ್ನೂ ಬರೆದಿಡಲಿ. ವಿದ್ಯಾರ್ಥಿಗಳು ತಂತಮ್ಮ ಮನೆಯ ಹಿರಿಯರನ್ನು ಕೇಳಿ ತಮ್ಮ ಸೀಮೆಯ ಬುತ್ತಿಯನ್ನು ಕಟ್ಟಿ ತರಲಿ. ಆ ಬುತ್ತಿ ಏಕೆ ಕೆಡುವುದಿಲ್ಲವೆಂಬ ಪ್ರಶ್ನೆಯನ್ನು ದಾರಿಯಲ್ಲಿ ಚರ್ಚಿಸಿದರೆ ಅದೂ ಪ್ರವಾಸದ ಒಂದು ಪಾಠವೇ ಆಗುವುದು.