ಶನಿವಾರದ ಬಿಳಿ ಬೂಟು

ಮೊನ್ನೆ ಮಗಳು ಆನ್‌ಲೈನ್‌ನಲ್ಲಿ ಒಂದು ಜೊತೆ ಬೂಟು ತರಿಸಿದಳು. ಡಬ್ಬಿ ಬಿಚ್ಚಿ ನೋಡಿದರೆ ನನಗೆ ನಗು ತಡೆಯಲಾಗಲಿಲ್ಲ. ಬಿಳಿ ಬಟ್ಟೆ, ಬಿಳಿ ರಬ್ಬರ್ ಅಂಚು, ಬಿಳಿ ಲೇಸು... ಅರೆ, ಇದು ನಮ್ಮ ಪಿ.ಟಿ. ಬೂಟು! "ಮಮ್ಮೀ, ಇದಕ್ಕ ಸ್ನೀಕರ್ ಅಂತಾರ" ಎಂದು ತಿದ್ದಿದಳು. ಜೀನ್ಸ್‌ಗೂ ಸೈ, ಚೂಡಿದಾರಕ್ಕೂ ಸೈ. ಸೀರೆಗೂ ಹಾಕುತ್ತಾರಂತೆ!

ನಿಮ್ಮ ಮನೆಗೂ ಇಂಥದೊಂದು ಜೊತೆ ಬಂದಿದ್ದರೆ, ನಿಮಗೂ ನಿಮ್ಮ ಶಾಲೆಯ ಶನಿವಾರ ನೆನಪಾಗಿರಬೇಕು, ಅಲ್ಲವೇ?

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಆಗಿನ್ನೂ ಧಾರವಾಡ ಜಿಲ್ಲೆಯ ತಾಲೂಕುಗಳು. ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಎಷ್ಟೋ ಮಕ್ಕಳು ಬರಿಗಾಲಲ್ಲೇ ಶಾಲೆಗೆ ಹೋಗುತ್ತಿದ್ದರು, ಇದ್ದವರಿಗೆ ಹವಾಯಿ ಚಪ್ಪಲಿ. ಕ್ಯಾನ್ವಾಸ್ ಬೂಟು ಹೊರಗೆ ಬರುತ್ತಿದ್ದುದು ಶನಿವಾರದ ಕವಾಯತಿಗೆ, ಆಗಸ್ಟ್ 15ಕ್ಕೆ, ಜನವರಿ 26ಕ್ಕೆ. ಹಿಂದಿನ ರಾತ್ರಿ ಸೀಮೆಸುಣ್ಣದ ಚೂರು ಅರೆದು, ನೀರಲ್ಲಿ ಕಲಸಿ, ಹಳೇ ಬಟ್ಟೆಯಿಂದ ಹಚ್ಚಿ ಒಲೆಯ ಪಕ್ಕ ಇಡುವುದು. ಮರುದಿನ "ಏಕ್, ದೋ" ಎಂದು ಕಾಲು ಕುಟ್ಟಿದರೆ ಬಿಳಿ ಧೂಳೇ ಧೂಳು!

ಬಾಟಾ ಎಂದರೆ ನಮ್ಮ ದೇಶದ್ದೇ ಎಂದು ನಾನೂ ಬಹಳ ದಿನ ನಂಬಿದ್ದೆ. 1894ರಲ್ಲಿ ಈಗಿನ ಜೆಕ್ ದೇಶದ ಜ್ಲೀನ್ ಊರಲ್ಲಿ ಹುಟ್ಟಿದ ಕಂಪನಿ ಅದು. 1930ರ ದಶಕದಲ್ಲಿ ಕೋಲ್ಕತಾ ಬಳಿ ಬಾಟಾನಗರ ಕಟ್ಟಿತು. ಶಾಲೆಯ ವ್ಯಾಯಾಮ ತರಗತಿಗೆಂದು ಅದರ ಬಿಳಿ 'ಟೆನ್ನಿಸ್' ಬೂಟು ರೂಪುಗೊಂಡಿದ್ದು 1936ರಲ್ಲಿ, ನಮ್ಮ ದೇಶದಲ್ಲೇ.

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಜೊತೆ. ಅಕ್ಕ ಒಂಬತ್ತನೇ ಇಯತ್ತೆ, ನಾನು ಏಳನೇ. ಶಿಗ್ಗಾಂವಿಯ ಅತ್ತಿ ಕೊಡಿಸಿದ್ದು ಅಕ್ಕನ ಅಳತೆಗೆ. ನನ್ನ ಸರದಿ ಬಂದಾಗ ಮುಂದೆ ಅರಳಿ ತುರುಕಿ ಹಾಕಿಕೊಳ್ಳುತ್ತಿದ್ದೆ. ಶನಿವಾರ ಹೇಗೋ ನಡೆಯುತ್ತಿತ್ತು. ಒಂದು ವರ್ಷ ಆಗಸ್ಟ್ 15ರ ಪರೇಡಿಗೆ ಇಬ್ಬರೂ ಆಯ್ಕೆಯಾದೆವು. ಬೂಟು ಇಲ್ಲದವರು ಸಾಲಿನಲ್ಲಿ ನಿಲ್ಲುವಂತಿಲ್ಲ. ಅವ್ವ ರಾತ್ರಿಯೆಲ್ಲ ಮಾತಾಡಲಿಲ್ಲ. ಬೆಳಿಗ್ಗೆ ಅಕ್ಕ ಹಾಸಿಗೆಯಿಂದ ಏಳಲೇ ಇಲ್ಲ. "ಆಕಿ ಹೋಗ್ಲಿ ಬಿಡವ್ವಾ, ನನಗ ಜ್ವರ ಬಂದಂಗ ಆಗೇತಿ" ಎಂದಳು. ನಾನು ಕುಣಿಯುತ್ತಾ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಆಕೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಎಸ್ಸೆಸ್ಸೆಲ್ಸಿ ಮುಗಿದದ್ದೇ ಹಿರೇಕೆರೂರ ಕಡೆ ಕೊಟ್ಟರು.

2015-16ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಬಿಳಿ ಕಾಲುಚೀಲ ಕೊಡುವ ಯೋಜನೆ ಶುರುವಾದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಒಗೆಯುವ ಕಲ್ಲು.

ಇರಲಿ. ಬಿಳಿ ಬೂಟು ಬೇಕೆನ್ನುವ ಶಾಲೆಗಳು ಇನ್ನೂ ಇವೆ, ಶುಕ್ರವಾರ ರಾತ್ರಿಯ ಪಾಡು ತಾಯಂದಿರಿಗೆ ತಪ್ಪಿಲ್ಲ. ಅರಳಿ ತುರುಕುವ ನಮ್ಮ ಪದ್ಧತಿ ಮಾತ್ರ ಬೇಡ. ಕಾಲು ಒಳಗೆ ಜಾರಿ ಹಿಮ್ಮಡಿ ಗುಳ್ಳೆ ಏಳುತ್ತದೆ, ಮಗು ಎಡವುತ್ತದೆ. ಬೂಟು ಕೊಳ್ಳಲು ಸಂಜೆ ಹೋಗಿ, ನಡೆದಾಡಿದ ಪಾದ ಆಗ ಸ್ವಲ್ಪ ಉಬ್ಬಿರುತ್ತದೆ. ಮಗುವನ್ನು ನಿಲ್ಲಿಸಿ ಎರಡೂ ಕಾಲು ಅಳೆಸಿ, ದೊಡ್ಡ ಕಾಲಿನ ಲೆಕ್ಕ ಹಿಡಿಯಿರಿ. ಬೆರಳ ತುದಿಗೂ ಬೂಟಿಗೂ ನಡುವೆ ನಿಮ್ಮ ಹೆಬ್ಬೆರಳಿನ ಅಗಲದಷ್ಟು ಜಾಗ ಇದ್ದರೆ ಸಾಕು. ಅಂದಹಾಗೆ, ಕ್ಯಾನ್ವಾಸ್ ಬೂಟಿನ ಅಡಿ ಚಪ್ಪಟೆ. ಪಿ.ಟಿ. ಪೀರಿಯಡ್ಡಿಗೆ ಸರಿ, ದಿನಾ ಮೈಲಿಗಟ್ಟಲೆ ಓಡುವವರಿಗೆ ಅದಲ್ಲ.

ತೊಳೆಯುವ ವಿಷಯ. ಸವಣೂರ ಕಡೆಯ ಎರೆಮಣ್ಣು ಮೆತ್ತಿತೋ, ಹಸಿ ಇರುವಾಗ ಉಜ್ಜಲೇಬೇಡಿ, ನೂಲಿನೊಳಗೆ ಇಳಿದುಬಿಡುತ್ತದೆ. ಒಣಗಲು ಬಿಟ್ಟು, ಬ್ರಷ್‌ನಿಂದ ಕೊಡವಿ, ಆಮೇಲೆ ನೀರು. ಲೇಸು ಬಿಚ್ಚಿ ಬೇರೆ ನೆನೆಸಿ. ರಬ್ಬರ್ ಅಂಚಿಗೆ ಹಳೇ ಟೂತ್‌ಬ್ರಷ್, ಬಿಳಿ ಪೇಸ್ಟು ಸಾಕು. ಬ್ಲೀಚ್ ಹಾಕಬೇಡಿ, ಬಟ್ಟೆ ಜೀರ್ಣವಾಗುತ್ತದೆ. ತೊಳೆದ ಮೇಲೆ ಹಳದಿ ಕಲೆ ಬರುವುದು ಸಾಮಾನ್ಯವಾಗಿ ಒಳಗೆ ಉಳಿದ ಸೋಪಿನಿಂದ. ಮೂರ್ನಾಲ್ಕು ನೀರಲ್ಲಿ ಜಾಲಿಸಿ, ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಹಾಕಿ. ಬಿಳಿ ಟಿಶ್ಯೂ ಕಾಗದ ಸುತ್ತಿ ನೆರಳಲ್ಲಿ ಒಣಗಿಸಿ. ಕಲೆ ಕಾಗದಕ್ಕೆ ಇಳಿಯುತ್ತದೆ, ಬೂಟು ಬೆಳ್ಳಗೆ ಉಳಿಯುತ್ತದೆ. ಹಾನಗಲ್ಲದ ಜಡಿಮಳೆಯಲ್ಲಿ ಒಣಗದಿದ್ದರೆ? ಒಳಗೆ ಪೇಪರ್ ಉಂಡೆ ತುಂಬಿ ಫ್ಯಾನಿನಡಿ ಇಡಿ, ಒದ್ದೆಯಾದಾಗೊಮ್ಮೆ ಉಂಡೆ ಬದಲಿಸಿ. ನಾವು ಮಾಡಿದಂತೆ ಒಲೆಯ ಪಕ್ಕ ಇಡಬೇಡಿ, ಅಂಟು ಬಿಡುತ್ತದೆ.

ನಿಮಗೇ ಕೊಳ್ಳುವಿರಾದರೆ ಹಳೇ ನಂಬರು ನೆಚ್ಚಬೇಡಿ. ಹೆರಿಗೆ, ವಯಸ್ಸು ಎರಡರಿಂದಲೂ ಪಾದ ಅಗಲವಾಗುವುದುಂಟು.

ಇಷ್ಟೆಲ್ಲ ತಿಳಿದವಳು ನಾನೇನು ಮಾಡಿದೆ ಗೊತ್ತೇ? ಮಗಳ ಬೂಟು ನೋಡಿದ ದಿನವೇ ಅಂಥದ್ದೇ ಒಂದು ಜೊತೆ ಹಿರೇಕೆರೂರಿಗೆ, ಅಕ್ಕನ ವಿಳಾಸಕ್ಕೆ ಕಳಿಸಿದೆ. ನೆನಪಿದ್ದ ಹಳೇ ನಂಬರು, ಐದು. ವಾರದ ಮೇಲೆ ಫೋನು ಬಂತು.

"ಬಿಗಿ ಆಗ್ಯಾವ ನೋಡ. ಕೇಳಿ ಕಳಸಬಾರದೇನ?"

ವಾಪಸ್ ಕಳಿಸು, ಆರು ತರಿಸುತ್ತೇನೆ ಎಂದೆ.

"ಬ್ಯಾಡ, ಇರ್ಲಿ. ಸೊಸಿಗೆ ಸರಿ ಆಗ್ಯಾವ. ನನಗ ಬ್ಯಾರೆ ಕಳಸು."