ಎಗ್ಮೋರಿನಲ್ಲಿ ಮಂಡ್ಯದ ಮಾವನ ಜೊತೆ ಒಂದು ಶನಿವಾರ

ಚೆನ್ನೈನಲ್ಲಿರುವ ಕನ್ನಡಿಗರಿಗೆ ರೈಲು ನಿಲ್ದಾಣವೆಂದರೆ ಸೆಂಟ್ರಲ್. ಶತಾಬ್ದಿ, ಬೃಂದಾವನ, ಲಾಲ್‌ಬಾಗ್, ಕಾವೇರಿ ಎಲ್ಲವೂ ಬಂದು ನಿಲ್ಲುವುದು ಅಲ್ಲೇ. ಎಗ್ಮೋರ್ ಏನಿದ್ದರೂ ತಿರುಚ್ಚಿ, ಮಧುರೈ, ತಂಜಾವೂರಿನವರ ನಿಲ್ದಾಣ. ನಮ್ಮವರು ಎಗ್ಮೋರಿಗೆ ಹೋಗುವುದು ಕಣ್ಣಾಸ್ಪತ್ರೆಗೆ, ಮಕ್ಕಳ ಆಸ್ಪತ್ರೆಗೆ. ಕೆಲಸ ಮುಗಿದ ಕೂಡಲೇ ಆಟೋ ಹತ್ತಿ ಮನೆಗೆ. ಪ್ರಾಗ್, ವಿಯೆನ್ನಾಗಳಿಗೆ ಹೋದಾಗ ಕೈಯಲ್ಲಿ ಮ್ಯಾಪ್ ಹಿಡಿದು ದಿನಕ್ಕೆ ಇಪ್ಪತ್ತು ಸಾವಿರ ಹೆಜ್ಜೆ ನಡೆಯುವ ಗೆಳೆಯರು ನನಗಿದ್ದಾರೆ. ಅವರಲ್ಲಿ ಒಬ್ಬರೂ ಎಗ್ಮೋರನ್ನು ನಡೆದು ನೋಡಿಲ್ಲ. ಆದರೆ ಕನ್ನಡಿಗರು ಚೆನ್ನೈನಲ್ಲಿ ಒಂದೇ ಒಂದು ಬಡಾವಣೆಯನ್ನು ಕಾಲ್ನಡಿಗೆಯಲ್ಲಿ ನೋಡುವುದಾದರೆ ಅದು ಎಗ್ಮೋರೇ ಆಗಬೇಕು ಎನ್ನುವುದು ನನ್ನ ವಾದ.

ಆಗಸ್ಟ್ ಕೊನೆಯ ಶನಿವಾರ ನನ್ನ ಸೋದರಮಾವ ಮಂಡ್ಯದಿಂದ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಬಂದಿಳಿದರು. ಭಾನುವಾರ ನೆಂಟರ ಮದುವೆ. ನಡುವೆ ಒಂದು ಇಡೀ ದಿನ ಖಾಲಿ. ಮಾವನಿಗೆ ಎಪ್ಪತ್ತು ದಾಟಿದೆ, ಆದರೂ ಗದ್ದೆ ಬದುವಿನ ಮೇಲೆ ನಡೆದ ಕಾಲು, ನನಗಿಂತ ಗಟ್ಟಿ. 1991ರಲ್ಲಿ ಕಾವೇರಿ ಮಧ್ಯಂತರ ಆದೇಶ ಬಂದಾಗ ಹೆದ್ದಾರಿಯಲ್ಲಿ ಕೂತವರಲ್ಲಿ ಇವರೂ ಒಬ್ಬರು. ಅದಾದ ಮೇಲೆ ಮದರಾಸಿನ ಕಡೆ ತಲೆ ಹಾಕಿರಲಿಲ್ಲ. ಸೆಂಟ್ರಲ್‌ನಿಂದ ಮೆಟ್ರೋದಲ್ಲಿ ಮುಂದಿನ ನಿಲ್ದಾಣವೇ ಎಗ್ಮೋರ್. ಅಷ್ಟು ಹೊತ್ತಿನಲ್ಲೇ ಮೂರು ಸಲ ಹೇಳಿದರು, "ಮೆತ್ತಗೆ ಮಾತಾಡವ್ವ. ನಾವ್ ಯಾವೂರೋರು ಅಂತ ಊರಿಗೆಲ್ಲ ಸಾರ್ಬೇಕಾ?"

ನಾನು ನಗಲಿಲ್ಲ. ಕಾವೇರಿ ಗಲಾಟೆಯ ದಿನಗಳಲ್ಲಿ ಇಲ್ಲಿನ ಬಸ್ಸಿನಲ್ಲಿ ಅಮ್ಮನ ಫೋನ್ ಬಂದರೆ ನನ್ನ ದನಿಯೂ ತಾನಾಗಿಯೇ ತಗ್ಗಿದ್ದುಂಟು. ಬೆಂಗಳೂರಿನಲ್ಲಿರುವ ತಮಿಳು ಗೆಳತಿಯೂ ಅದೇ ಮಾತು ಹೇಳುತ್ತಾಳೆ.

ಮೊದಲು ಹೋದದ್ದು ರೈಲು ನಿಲ್ದಾಣದ ಹಿಂಬದಿಗೆ, ಪೂನಮಲ್ಲಿ ಹೈರೋಡಿನ ಸೇಂಟ್ ಆಂಡ್ರ್ಯೂಸ್ ಚರ್ಚಿಗೆ. ಇಲ್ಲಿನವರು 'ಕರ್ಕ್' ಎನ್ನುತ್ತಾರೆ. 1821ರ ಕಟ್ಟಡ. ಹೊರಗಿನಿಂದ ಲಂಡನ್ನಿನ ಯಾವುದೋ ಚರ್ಚಿನ ತುಣುಕಿನಂತಿದೆ. ಒಳಗೆ ಹೋದರೆ ಬೇರೆಯೇ ಲೋಕ. ದುಂಡನೆಯ ಸಭಾಂಗಣ, ಸುತ್ತ ಹದಿನಾರು ಕಂಬ, ಮೇಲೆ ಗಾಢ ನೀಲಿ ಗುಮ್ಮಟ, ಅದರ ತುಂಬ ಚಿನ್ನದ ಬಣ್ಣದ ನಕ್ಷತ್ರಗಳು. ಇಲ್ಲಿನ ನೆಲ ನೀರು ನಿಲ್ಲುವ ಮೆತ್ತನೆಯ ನೆಲವಾದ್ದರಿಂದ ಸಾಲುಸಾಲಾಗಿ ಬಾವಿಗಳನ್ನು ತೋಡಿ, ಅವುಗಳ ಮೇಲೆ ಅಡಿಪಾಯ ಹಾಕಿದ್ದಾರೆ ಎಂದೆ. ಮಾವ ಕತ್ತೆತ್ತಿ ನೋಡುತ್ತಿದ್ದವರು ಕೆಳಗೆ ನೋಡಿದರು. "ನಾಟಿ ಗದ್ದೇಲಿ ಮನೆ ಕಟ್ದಂಗಾಯ್ತು."

ಇದನ್ನು ಕಟ್ಟಿದ ಎಂಜಿನಿಯರ್ ಥಾಮಸ್ ಡಿ ಹ್ಯಾವಿಲೆಂಡ್. ಈ ಹೆಸರಿಗೆ ಮಂಡ್ಯ ಜಿಲ್ಲೆಯಲ್ಲಿ ಒಂದು ಕಥೆಯಿದೆ. ಮದರಾಸಿಗೆ ಬರುವ ಮುಂಚೆ ಆತ ಶ್ರೀರಂಗಪಟ್ಟಣದಲ್ಲಿದ್ದ. ಕಾವೇರಿಗೆ ದೊಡ್ಡ ದೊಡ್ಡ ಇಟ್ಟಿಗೆ ಕಮಾನುಗಳ ಸೇತುವೆ ಕಟ್ಟಬಹುದು ಎಂದ. ಮೇಲಿನವರು ಆಗದು ಎಂದರು. ಆಗುತ್ತದೆ ಎಂದು ತೋರಿಸಲು 1808ರಲ್ಲಿ ತನ್ನ ತೋಟದಲ್ಲೇ ನೂರು ಅಡಿಗೂ ಮೀರಿದ ಒಂದೇ ಕಮಾನು ಎಬ್ಬಿಸಿ ನಿಲ್ಲಿಸಿದ. ಸೇತುವೆ ಬರಲೇ ಇಲ್ಲ. ಕಮಾನು ಮಾತ್ರ 1930ರ ದಶಕದವರೆಗೂ ನಿಂತಿತ್ತು. ಅದರ ನೆತ್ತಿಯ ಮೇಲೆ ನಿಂತು ಕುಣಿದರೆ ತೂಗುತ್ತಿತ್ತಂತೆ.

"ತೂಗೋ ಕಮಾನು!" ಮಾವನ ದನಿ ಗುಮ್ಮಟಕ್ಕೆ ತಾಗಿ ವಾಪಸು ಬಂತು. "ನಮ್ಮಪ್ಪ ಹುಡುಗ್ನಾಗಿದ್ದಾಗ ಅದ್ರ ಮೇಲೆ ಹತ್ತಿ ಕುಣ್ದಿದ್ನಂತೆ ಕಣವ್ವ. ಬಿದ್ದೋದಾಗ ಊರೋರೆಲ್ಲ ನೋಡಕ್ ಹೋಗಿದ್ರಂತೆ. ಅದ್ನ ಕಟ್ದೋನಾ ಇವ್ನು?" ದನಿ ತಗ್ಗಿಸಬೇಕೆಂಬುದು ಅವರಿಗೆ ಮರೆತೇಹೋಗಿತ್ತು.

ಅಲ್ಲಿಂದ ಹಳಿ ದಾಟಿ ನಿಲ್ದಾಣದ ಮುಂಬಾಗಿಲಿಗೆ ಬಂದೆವು. ನವೀಕರಣದ ಕೆಲಸ ನಡೆದಿರುವುದರಿಂದ ಅಲ್ಲಲ್ಲಿ ತಗಡಿನ ಮರೆ. ಆದರೂ ಕೆಂಪು ಗೋಡೆ, ಬಿಳಿ ಗುಮ್ಮಟಗಳು ದೂರದಿಂದಲೇ ಕಾಣುತ್ತವೆ. 1905ರಲ್ಲಿ ಶುರುವಾಗಿ 1908ರಲ್ಲಿ ತೆರೆದ ಈ ನಿಲ್ದಾಣವನ್ನು ಕಟ್ಟಿದ ಗುತ್ತಿಗೆದಾರ ಟಿ. ಸಾಮಿನಾಥ ಪಿಳ್ಳೆ, ಬೆಂಗಳೂರಿನವರು. ನಕ್ಷೆ ಹೆನ್ರಿ ಇರ್ವಿನ್ ಮತ್ತು ರೈಲ್ವೆಯ ಇ.ಸಿ.ಎಚ್. ಬರ್ಡ್ ಅವರದ್ದು. ಇರ್ವಿನ್ ಅಂದರೆ ನಮ್ಮ ಮೈಸೂರು ಅರಮನೆಯ ಇರ್ವಿನ್. 1897ರಲ್ಲಿ ಮರದ ಹಳೇ ಅರಮನೆ ಸುಟ್ಟುಹೋದ ಮೇಲೆ ಹೊಸದಕ್ಕೆ ನಕ್ಷೆ ಬರೆದವನು. ಅರಮನೆ ಮುಗಿದದ್ದು 1912ರಲ್ಲಿ. ಎಂದರೆ ಮೈಸೂರಿನಲ್ಲಿ ಅಂಬಾವಿಲಾಸ ಏಳುತ್ತಿದ್ದ ಹೊತ್ತಿನಲ್ಲೇ ಇಲ್ಲಿ ಎಗ್ಮೋರ್ ಎದ್ದದ್ದು. ಒಂದನ್ನು ನೋಡಿದ ಕಣ್ಣಿಗೆ ಇನ್ನೊಂದರ ಕಮಾನು, ಗುಮ್ಮಟಗಳ ದಾಯಾದಿತನ ಗೊತ್ತಾಗದೇ ಇರದು. ದಸರೆಯ ಲೈಟು ಒಂದಿಲ್ಲ, ಅಷ್ಟೇ.

ನಿಲ್ದಾಣದ ಮುಂದಿನ ರಸ್ತೆಯ ಹೆಸರು ಗಾಂಧಿ-ಇರ್ವಿನ್ ರಸ್ತೆ. ಬೋರ್ಡು ಓದಿದ್ದೇ ಮಾವ ನಿಂತುಬಿಟ್ಟರು. ಅವರ ಗದ್ದೆಗೆ ನೀರು ಬರುವುದು ವಿಶ್ವೇಶ್ವರಯ್ಯ ನಾಲೆಯಿಂದ. ಅದರ ಮೊದಲ ಹೆಸರು ಇರ್ವಿನ್ ನಾಲೆ, ಮಾವನ ತಲೆಮಾರಿಗೆ ಇವತ್ತಿಗೂ ಅದೇ. "ಅರಮನೆ ಕಟ್ಟೋನು ನಾಲೆ ಯಾಕ್ ತೋಡ್ದ?" ಎಂಬುದು ಅವರ ಪ್ರಶ್ನೆ. ಇದು ಬೇರೆ ಇರ್ವಿನ್ ಎಂದು ಬಿಡಿಸಿ ಹೇಳಬೇಕಾಯಿತು. ನಾಲೆಯ ಇರ್ವಿನ್, ಮೈಸೂರಿನ ಇರ್ವಿನ್ ರಸ್ತೆಯ ಇರ್ವಿನ್, 1931ರಲ್ಲಿ ಗಾಂಧೀಜಿ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಇರ್ವಿನ್, ಮೂವರೂ ಒಬ್ಬನೇ, ವೈಸರಾಯ್ ಲಾರ್ಡ್ ಇರ್ವಿನ್. ಅರಮನೆಯವನು ಎಂಜಿನಿಯರ್. ಎಗ್ಮೋರಿನಲ್ಲಿ ಇಬ್ಬರೂ ಎದುರುಬದುರಾಗಿದ್ದಾರೆ, ಒಬ್ಬ ಕಟ್ಟಡವಾಗಿ, ಒಬ್ಬ ರಸ್ತೆಯಾಗಿ.

ಇದೇ ರಸ್ತೆಯಲ್ಲಿ ತಮಿಳುನಾಡು ಪತ್ರಾಗಾರವಿದೆ, ಹಳೇ ಮದರಾಸ್ ರೆಕಾರ್ಡ್ ಆಫೀಸು. ಶನಿವಾರವಾದ್ದರಿಂದ ಹೊರಗಿನಿಂದಲೇ ನೋಡಿದೆವು. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ ಮದರಾಸಿಗೆ ಸೇರಿದ್ದವು. ಮಂಗಳೂರಿನ ಕಂದಾಯದ ಲೆಕ್ಕ, ಬಳ್ಳಾರಿಯ ಬರಗಾಲದ ವರದಿ ಎಂದು ಹುಡುಕಿ ಹೊರಟ ಸಂಶೋಧಕರು ಇವತ್ತಿಗೂ ಈ ಬಾಗಿಲಿಗೆ ಬರಬೇಕು. ನನ್ನ ಅತ್ತೆಯ ತವರು ಕೊಳ್ಳೇಗಾಲ, ಆಗ ಕೊಯಮತ್ತೂರು ಜಿಲ್ಲೆ. "ಹಂಗಾದ್ರೆ ನಿಮ್ಮತ್ತೆ ಹುಟ್ದಾಗ ಮದ್ರಾಸಿನವಳು ಅನ್ನು" ಎಂದು ಮಾವ ತಮಗೆ ತಾವೇ ನಕ್ಕರು. ಮನೆಗೆ ಫೋನ್ ಮಾಡಿ ಅದನ್ನು ಹೇಳಿಯೂಬಿಟ್ಟರು, ನಡುರಸ್ತೆಯಲ್ಲಿ ನಿಂತು, ಜೋರಾಗಿ.

ಆ ಫೋನಿನಿಂದಲೇ ಸಿಕ್ಕಿಬಿದ್ದೆವು. ಪಕ್ಕದ ಟೀ ಅಂಗಡಿಯವರು ಗ್ಲಾಸು ಕೊಡುತ್ತಾ ಕನ್ನಡದಲ್ಲಿ ಕೇಳಿದರು, "ಸಾರ್, ಯಾವೂರು?" ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಆರು ವರ್ಷ ಕೆಲಸ ಮಾಡಿದ್ದರಂತೆ, ಊರು ತಂಜಾವೂರಿನ ಕಡೆ ಒಂದು ಹಳ್ಳಿ. ಮಾವ ಒಂದು ಗಳಿಗೆ ನನ್ನ ಮುಖ ನೋಡಿ, "ಮಂಡ್ಯ" ಎಂದರು. ಆತ ಬಟ್ಟೆಯಿಂದ ಕೈ ಒರೆಸಿಕೊಂಡರು. "ಡ್ಯಾಮ್ ತುಂಬಿದೆಯಾ ಸಾರ್?"

"ತುಂಬೈತೆ. ನೂರಿಪ್ಪತ್ನಾಲ್ಕು ಮುಟ್ಟೈತೆ. ಕೆಳಕ್ಕೂ ಬಿಟ್ಟವ್ರೆ."

"ಅಣ್ಣನ ಗದ್ದೆ ಇದೆ. ಇನ್ನೂ ನಾಟಿ ಆಗಿಲ್ಲ."

"ನಮ್ದೂ ಈಗ್ಲೇ ಆಗಿದ್ದು."

ಆಮೇಲೆ ಇಬ್ಬರೂ ಭತ್ತದ ತಳಿ, ಗೊಬ್ಬರದ ರೇಟು, ಕೂಲಿಯಾಳು ಸಿಗದ ಕಷ್ಟ ಎಂದು ಹತ್ತು ನಿಮಿಷ ಮಾತಾಡಿದರು. ನೀರು ಯಾರದ್ದು ಎನ್ನುವ ಮಾತು ಬರಲಿಲ್ಲ. ಬರದಂತೆ ಇಬ್ಬರೂ ನೋಡಿಕೊಂಡರು ಎಂದು ನನಗನ್ನಿಸಿತು. ಟೀ ದುಡ್ಡು ಮಾತ್ರ ತೆಗೆದುಕೊಂಡರು. ವ್ಯಾಪಾರ ವ್ಯಾಪಾರವೇ.

ಪ್ಯಾಂಥಿಯನ್ ರಸ್ತೆಯ ಮ್ಯೂಸಿಯಂ ತನಕ ನಡೆಯುವುದು ಸುಲಭವಲ್ಲ. ಫುಟ್‌ಪಾತ್ ಇದೆ, ಅದರ ಮೇಲೆ ಬೈಕುಗಳೂ ಇವೆ. ಹತ್ತು ಗಂಟೆಗೇ ಅಂಗಿ ಬೆನ್ನಿಗೆ ಅಂಟುತ್ತದೆ. ನೀವು ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ. ಶುಕ್ರವಾರ ಮಾತ್ರ ಬೇಡ, ಮ್ಯೂಸಿಯಂಗೆ ರಜೆ. 1851ರಲ್ಲಿ ಶುರುವಾದ ಈ ಮ್ಯೂಸಿಯಂ ಆವರಣದಲ್ಲಿ ಹೆನ್ರಿ ಇರ್ವಿನ್ ಮತ್ತೆ ಸಿಗುತ್ತಾನೆ. 1896ರ ಕನ್ನೆಮರ ಗ್ರಂಥಾಲಯ, 1909ರ ಗುಲಾಬಿ ಕಲ್ಲಿನ ಕಲಾ ಗ್ಯಾಲರಿ ಎರಡೂ ಅವನವೇ. ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿ ಕನ್ನೆಮರಕ್ಕೆ ಬರಬೇಕೆಂದು ಕಾನೂನೇ ಇದೆ; ಕನ್ನಡ ಪುಸ್ತಕಗಳಿಗೂ ಅದು ಅನ್ವಯ.

ಇಲ್ಲಿ ನಟರಾಜನ ಕಂಚುಗಳಿಗೆ, ಅಮರಾವತಿಯ ಬೌದ್ಧ ಶಿಲ್ಪಗಳಿಗೆ ಜನ ಮುಗಿಬೀಳುತ್ತಾರೆ, ಸರಿಯೇ. ಅಮರಾವತಿಯಲ್ಲಿ 1845ರಲ್ಲಿ ಅಗೆಸಿ ಕಲ್ಲುಗಳನ್ನು ಮದರಾಸಿಗೆ ತರಿಸಿದವನು ವಾಲ್ಟರ್ ಎಲಿಯಟ್. ಅವುಗಳಲ್ಲಿ ಬಹುಪಾಲು 1859ರಲ್ಲಿ ಲಂಡನ್ನಿಗೆ ಹೋದವು. 1824ರಲ್ಲಿ ಥ್ಯಾಕರೆ ಸತ್ತ ದಿನ ಕಿತ್ತೂರು ಚೆನ್ನಮ್ಮನ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ಈ ಎಲಿಯಟ್ಟೇ. ಬಿಡುಗಡೆಯಾದ ಮೇಲೆ ಧಾರವಾಡದ ಕಡೆ ಊರೂರು ಅಲೆದು ನೂರಾರು ಕನ್ನಡ ಶಾಸನಗಳ ನಕಲು ಮಾಡಿಸಿದ. ಸೆರೆಯಲ್ಲಿಟ್ಟವರ ಭಾಷೆಯ ಮೇಲೆ ಅಂಥ ಪ್ರೀತಿ ಹೇಗೆ ಬಂತೋ.

ನಾನು ಮಾವನನ್ನು ಕರೆದೊಯ್ದದ್ದು ಹೇಮಾವತಿಯ ಕಲ್ಲುಗಳ ಮುಂದೆ. ಹೇಮಾವತಿ ಎಂದರೆ ನದಿಯಲ್ಲ, ಊರು; ಹಳೆಯ ಹೆಂಜೇರು, ಕನ್ನಡ ಅರಸರಾದ ನೊಳಂಬರ ರಾಜಧಾನಿ. ಈಗ ಆಂಧ್ರದ ಮಡಕಶಿರಾ ಸೀಮೆಯಲ್ಲಿ, ನಮ್ಮ ತುಮಕೂರಿನ ಅಂಚಿಗೆ ಇದೆ. ಆಗ ಮದರಾಸ್ ಪ್ರಾಂತ್ಯವಾಗಿದ್ದರಿಂದ ಕಲ್ಲುಗಳು ಇಲ್ಲಿಗೆ ಬಂದವು. ಇವುಗಳ ಮೇಲೆಯೇ ಸಿ. ಶಿವರಾಮಮೂರ್ತಿ ಒಂದು ಪುಸ್ತಕ ಬರೆದಿದ್ದಾರೆ. ಕನ್ನಡದ ಅರಸರು, ಆಂಧ್ರದ ಊರು, ತಮಿಳುನಾಡಿನ ಮ್ಯೂಸಿಯಂ. ಯಾರು ಯಾರಿಗೆ ವಾಪಸು ಕೊಡಬೇಕು? ನನ್ನನ್ನು ಕೇಳಿದರೆ ಇಲ್ಲೇ ಇರಲಿ. ಇಲ್ಲಿನ ಕನ್ನಡದ ಮಕ್ಕಳಿಗೆ ತೋರಿಸಲು ಹತ್ತಿರದಲ್ಲೇ ಒಂದು ಜಾಗವಿದ್ದಂತಾಯಿತು.

ಇದಕ್ಕೂ ಹಳೆಯ ಸಾಗಾಟವೊಂದಿದೆ. ಸಾವಿರ ವರ್ಷದ ಹಿಂದೆ ಚೋಳರು ನೊಳಂಬವಾಡಿಯನ್ನು ಗೆದ್ದಾಗ ಇಂಥವೇ ಕಂಬಗಳನ್ನು ಹೊತ್ತೊಯ್ದು ತಿರುವಯ್ಯಾರಿನ ದೇವಸ್ಥಾನದ ಆವರಣದಲ್ಲಿ ನಿಲ್ಲಿಸಿದರು ಎನ್ನುತ್ತಾರೆ ಇತಿಹಾಸಕಾರರು. ತ್ಯಾಗರಾಜರ ತಿರುವಯ್ಯಾರು, ಕಾವೇರಿ ದಡದಲ್ಲಿ. ಮಾವ ಒಂದು ಕಂಬದ ನುಣುಪಾದ ಕರಿಕಲ್ಲನ್ನು ಬಗ್ಗಿ ನೋಡುತ್ತಿದ್ದರು.

"ಆ ಊರು, ಟೀ ಅಂಗಡಿಯವ್ನು ಹೇಳಿದ್ನಲ್ಲ, ಆ ಕಡೀಕೇನಾ?"

ಹೌದು ಎಂದೆ, ತಂಜಾವೂರಿಗೆ ಹತ್ತಿರ.

"ನಮ್ ನೀರು ಅಲ್ಲಿಗಂಟ ಹೋಯ್ತದಾ? ನೋಡ್ಬೇಕಲ್ಲ. ರೈಲು ಎಲ್ಲಿಂದ?"

"ಇಲ್ಲಿಂದಲೇ ಮಾವ. ಎಗ್ಮೋರಿನಿಂದ."

ಸೋಮವಾರ ಊರಿಗೆ ಹೊರಡಬೇಕಿದ್ದ ಟಿಕೆಟ್ಟನ್ನು ಜೇಬಿನಿಂದ ತೆಗೆದು, ಕನ್ನಡಕ ಏರಿಸಿ ತಾರೀಖು ನೋಡಿದರು. ಹೊರಗೆ ಬಂದಾಗ ಒಂದೂವರೆ. ಉಡುಪಿಯ ಸೀತಾರಾಮ ರಾಯರು ಕಟ್ಟಿದ ಪೂನಮಲ್ಲಿ ಹೈರೋಡಿನ ದಾಸಪ್ರಕಾಶ್ ಈಗಿಲ್ಲ. ಸಿಕ್ಕಿದ ಮೊದಲ ಹೋಟೆಲ್ಲಿನಲ್ಲಿ ಊಟಕ್ಕೆ ಕೂತೆವು. ಮಾವ ಸಪ್ಲೈಯರನ್ನು ಕನ್ನಡದಲ್ಲೇ ಕರೆದು ಎರಡನೇ ಸಲ ಸಾರು ಹಾಕಿಸಿಕೊಂಡರು.