ಅಜ್ಜಂದಿರ ಕೋನ್ಯಾಕ್ ಈಗ ತರುಣರ ಕೈಯಲ್ಲಿ

ಊರಿನ ಎಷ್ಟೋ ಮನೆಗಳಲ್ಲಿ ಹಿಂದೆ ಔಷಧಿಯ ಕಪಾಟಿನೊಳಗೆ ಒಂದು ಸಣ್ಣ ಬ್ರಾಂದಿ ಬಾಟಲಿ ಇರುತ್ತಿತ್ತು. ಶೀತವಾದರೆ ಒಂದು ಚಮಚ, ಬಾಣಂತಿಗೆ ಒಂದು ಚಮಚ. ಕುಡಿತವನ್ನು ಕಂಡರಾಗದ ಅಜ್ಜಿಯರೂ ಇದಕ್ಕೆ ಆಕ್ಷೇಪವೆತ್ತುತ್ತಿರಲಿಲ್ಲ. (ಮೈ ಬೆಚ್ಚಗಾದಂತೆ ಅನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ, ನಿಜಕ್ಕೂ ದೇಹದ ಶಾಖ ಹೊರಗೆ ಹೋಗುತ್ತದೆ. ಅದಿರಲಿ.) ಆ ಬ್ರಾಂದಿಯ ಸಿರಿವಂತ ದಾಯಾದಿಯೇ ಫ್ರಾನ್ಸಿನ ಕೋನ್ಯಾಕ್. ಊಟದ ನಂತರ ನಿವೃತ್ತ ಸಾಹೇಬರು ಕುಡಿಯುವಂಥದ್ದು ಎಂಬ ಹೆಸರಿದ್ದ ಈ ಪಾನೀಯ ಕಳೆದ ಎರಡು-ಮೂರು ದಶಕಗಳಲ್ಲಿ ತರುಣರ ಮೆಚ್ಚುಗೆ ಗಳಿಸಿದ ಬಗೆ ಕುತೂಹಲಕರವಾದುದು. ಪರ್ಮಿಟ್ ರೂಮ್, ಬಾರ್ ನಡೆಸುವ ನಮ್ಮ ತುಳು-ಕನ್ನಡಿಗ ಹೊಟೇಲ್ ಉದ್ಯಮಿಗಳು ತಿಳಿದಿರಬೇಕಾದ ಸಂಗತಿಯೂ ಹೌದು.

ಎಲ್ಲ ಕೋನ್ಯಾಕ್ ಬ್ರಾಂದಿಯೇ. ಆದರೆ ಎಲ್ಲ ಬ್ರಾಂದಿ ಕೋನ್ಯಾಕ್ ಅಲ್ಲ. ಮಟ್ಟುವಿನ ಮಣ್ಣಿನಲ್ಲಿ ಬೆಳೆಯದ ಬದನೆ ಹೇಗೆ ಮಟ್ಟುಗುಳ್ಳ ಆಗುವುದಿಲ್ಲವೋ ಹಾಗೆಯೇ, ಪಶ್ಚಿಮ ಫ್ರಾನ್ಸಿನಲ್ಲಿ ಕೋನ್ಯಾಕ್ ಪಟ್ಟಣದ ಸುತ್ತ ಗುರುತಿಸಲಾದ ಪ್ರದೇಶದಲ್ಲಿ ತಯಾರಾಗದ್ದಕ್ಕೆ ಈ ಹೆಸರಿಲ್ಲ. ಅಲ್ಲಿ ಹೆಚ್ಚಾಗಿ ಬೆಳೆಯುವುದು ಉನಿ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿ. ಅದರ ಹುಳಿ ವೈನನ್ನು ತಾಮ್ರದ ಹಂಡೆಗಳಲ್ಲಿ ಎರಡು ಬಾರಿ ಭಟ್ಟಿ ಇಳಿಸುತ್ತಾರೆ. ಸುಗ್ಗಿಯ ಮರುವರ್ಷದ ಮಾರ್ಚ್ 31ರೊಳಗೆ ಈ ಕೆಲಸ ಮುಗಿಯಬೇಕು. ಸುಮಾರು 9 ಲೀಟರ್ ವೈನಿನಿಂದ ಸಿಗುವುದು ಒಂದು ಲೀಟರ್ ಮಾತ್ರ. ಆಮೇಲೆ ಓಕ್ ಮರದ ಪೀಪಾಯಿಯೊಳಗೆ ವರ್ಷಗಟ್ಟಲೆ ವಾಸ. ಲೇಬಲಿನ ಮೇಲೆ ವಿ.ಎಸ್. ಎಂದಿದ್ದರೆ ಕನಿಷ್ಠ 2 ವರ್ಷ, ವಿ.ಎಸ್.ಓ.ಪಿ. ಎಂದಿದ್ದರೆ 4 ವರ್ಷ, ಎಕ್ಸ್.ಓ.ಗೆ ಮೊದಲು 6 ವರ್ಷವಿತ್ತು, 2018ರಿಂದ 10 ವರ್ಷ. ಪೀಪಾಯಿಯಿಂದ ವರ್ಷಕ್ಕೆ ಶೇಕಡಾ ಎರಡರಷ್ಟು ಆವಿಯಾಗಿ ಹೋಗುತ್ತದೆ. ಅದನ್ನು ಅಲ್ಲಿಯವರು 'ದೇವತೆಗಳ ಪಾಲು' ಅನ್ನುತ್ತಾರೆ. ಆ ಆವಿಯನ್ನುಂಡು ಬೆಳೆಯುವ ಶಿಲೀಂಧ್ರದಿಂದ ಪಟ್ಟಣದ ಗೋಡೆಗಳೆಲ್ಲ ಕಪ್ಪಾಗಿವೆ.

ಇಷ್ಟು ನಿಧಾನದ ವಸ್ತುವಿಗೆ ಅವಸರದ ಯುವಕರು ಒಲಿದದ್ದು ಹೇಗೆ? ಉತ್ತರ ಅಮೆರಿಕದಲ್ಲಿದೆ. ಹೆನೆಸಿ ಕಂಪೆನಿಯವರು 1950ರ ದಶಕದಲ್ಲೇ ಅಲ್ಲಿನ ಕಪ್ಪು ಜನಾಂಗದ ಪತ್ರಿಕೆಗಳಲ್ಲಿ ಜಾಹೀರಾತು ನೀಡಿದರು. 1948ರ ಲಂಡನ್ ಒಲಿಂಪಿಕ್ಸ್‌ನ ಉದ್ದ ಜಿಗಿತದಲ್ಲಿ ಕಂಚು ಗೆದ್ದ ಹರ್ಬರ್ಟ್ ಡಗ್ಲಸ್ 1960ರ ದಶಕದಲ್ಲಿ ಆ ಬ್ರಾಂಡಿನ ಮಾರಾಟದ ಹೊಣೆ ಹೊತ್ತರು. ಬೇರೆ ಮದ್ಯದ ಕಂಪೆನಿಗಳು ಕಡೆಗಣಿಸಿದ್ದ ಗ್ರಾಹಕರನ್ನು ಇವರು ಗೌರವದಿಂದ ಕಂಡರು. ಆ ನಂಟು ಮಕ್ಕಳು, ಮೊಮ್ಮಕ್ಕಳವರೆಗೂ ಬಂತು. ಅವರೇ ಮುಂದೆ ರ‍್ಯಾಪ್ ಹಾಡುಗಾರರಾದಾಗ ಕೋನ್ಯಾಕ್ ಹಾಡಿನೊಳಗೂ ಬಂತು. ಬಸ್ಟಾ ರೈಮ್ಸ್ 2001-02ರಲ್ಲಿ ಹಾಡಿದ 'ಪಾಸ್ ದ ಕೂರ್ವಾಸಿಯೆ' ಎಂಬ ಹಾಡಿನ ನಂತರ ಅಮೆರಿಕದಲ್ಲಿ ಆ ಬ್ರಾಂಡಿನ ಮಾರಾಟ ಜಿಗಿಯಿತು. 2012ರಲ್ಲಿ ಗಾಯಕ ಜೇ-ಝಿ ತಾನೇ 'ಡ್ಯೂಸೆ' ಎಂಬ ಕೋನ್ಯಾಕಿನ ಜತೆ ಕೈಜೋಡಿಸಿದ. ತರುಣರು ಹೊಟ್ಟೆಯುಬ್ಬಿದ ಗ್ಲಾಸನ್ನು ಬದಿಗಿಟ್ಟು ಅದಕ್ಕೆ ಜಿಂಜರ್ ಏಲ್, ನಿಂಬೆರಸ, ಐಸು ಬೆರೆಸಿದರು. ಹಳಬರು ಮೂಗು ಮುರಿದರೂ ಇದೇನೂ ಅಪಚಾರವಲ್ಲ. ಸೈಡ್‌ಕಾರ್ ಎಂಬ ಕೋನ್ಯಾಕ್ ಕಾಕ್‌ಟೇಲಿಗೇ ನೂರು ವರ್ಷವಾಗಿದೆ.

ಆದರೆ ಹಾಡು ತಂದ ಗಿರಾಕಿ ಹಾಡಿನ ಹಿಂದೆಯೇ ಹೋಗಿಬಿಡಬಹುದು. 2022ರಲ್ಲಿ 21 ಕೋಟಿಗೂ ಹೆಚ್ಚು ಬಾಟಲಿ ಹೊರಹೋಗಿದ್ದರೆ 2023ರಲ್ಲಿ ಅದು ಸುಮಾರು 16.5 ಕೋಟಿಗೆ ಇಳಿಯಿತು. ಅಮೆರಿಕದಲ್ಲಿ ಬೆಲೆಯೇರಿಕೆಯಿಂದ ಜೇಬು ಬಿಗಿಯಾದದ್ದು, ವ್ಯಾಪಾರಿಗಳು ತುಂಬಿಸಿಟ್ಟ ದಾಸ್ತಾನು ಖರ್ಚಾಗದೆ ಉಳಿದದ್ದು ಇದಕ್ಕೆ ಕಾರಣ. ಸಾಲದೆಂಬಂತೆ ಚೀನಾದ ವಿದ್ಯುತ್ ಕಾರುಗಳಿಗೆ ಯುರೋಪು ತೆರಿಗೆ ಹಾಕಿದ ಸಿಟ್ಟು 2024ರಲ್ಲಿ ಕೋನ್ಯಾಕ್ ಮೇಲೆ ತಿರುಗಿತು. ಕಾರಿಗೂ ದ್ರಾಕ್ಷಿಗೂ ಏನು ಸಂಬಂಧ ಎಂದು ಕೇಳುವವರಿಲ್ಲ! ಆ ವರ್ಷ ಸೆಪ್ಟೆಂಬರಿನಲ್ಲಿ ಬೆಳೆಗಾರರು ಟ್ರ್ಯಾಕ್ಟರುಗಳೊಂದಿಗೆ ಬೀದಿಗಿಳಿದರು. ಬೇಡಿಕೆ ನಂಬಿ ಬಳ್ಳಿ ನೆಟ್ಟವರು ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳ ಈ ನಾಡಿನಲ್ಲಿ ಬಹಳ ಮಂದಿ. ನೆಟ್ಟ ಬಳ್ಳಿ ಫಲ ಕೊಡಲು ಮೂರ್ನಾಲ್ಕು ವರ್ಷ, ಇಳಿಸಿದ ಮದ್ಯ ಎಕ್ಸ್.ಓ. ಆಗಲು ಮತ್ತೆ ಹತ್ತು ವರ್ಷ. ಫ್ಯಾಶನ್ ಅಷ್ಟು ಕಾಯುವುದಿಲ್ಲ.

ನಮ್ಮ ದೇಶದಲ್ಲಿ ಇಂದಿಗೂ ವಿಸ್ಕಿಯದೇ ರಾಜ್ಯಭಾರ. ದಕ್ಷಿಣದ ರಾಜ್ಯಗಳಲ್ಲಿ ಬ್ರಾಂದಿಗೆ ಒಳ್ಳೆಯ ಗಿರಾಕಿಯುಂಟು. ಆದರೆ ಇಲ್ಲಿ ಬ್ರಾಂದಿಯೆಂದು ಮಾರಾಟವಾಗುವ ಬಹುಪಾಲಿಗೆ ಕಬ್ಬಿನ ಕಾಕಂಬಿಯ ಮದ್ಯಸಾರವೇ ಬುನಾದಿ. ಆಮದು ಮದ್ಯದ ಮೇಲೆ ವರ್ಷಗಳ ಕಾಲ ಶೇಕಡಾ 150ರ ಸುಂಕವಿದ್ದುದರಿಂದ ಕೋನ್ಯಾಕ್ ಇಲ್ಲಿ ವಿಮಾನ ನಿಲ್ದಾಣದ ಅಂಗಡಿಯಿಂದ ಬರುವ ಉಡುಗೊರೆಯಾಗಿಯೇ ಹೆಚ್ಚು ಪರಿಚಿತ. ಹಾಗಾಗಿ ಬಾರಿನಲ್ಲಿ ಒಂದೆರಡು ಬಾಟಲಿ ಇಡುವ ಮಾಲಕರು ದುಬಾರಿ ಎಕ್ಸ್.ಓ.ಗೆ ಕೈಹಾಕುವ ಮೊದಲು ವಿ.ಎಸ್. ಇಟ್ಟು ನೋಡುವುದು ಕ್ಷೇಮ. ಬೆರೆಸಿ ಕುಡಿಯುವ ತರುಣರಿಗೆ ಅದೇ ಸರಿ. ಇನ್ನೊಂದು ಮಾತು. ಮಹಾರಾಷ್ಟ್ರದಲ್ಲಿ ಸೌಮ್ಯ ಬಿಯರು, ವೈನಿಗೆ 21 ವರ್ಷ ಸಾಕು. ಕೋನ್ಯಾಕಿನಂಥ ಕಡುಮದ್ಯಕ್ಕೆ 25 ತುಂಬಿರಬೇಕು, ಕುಡಿಯುವವರ ಬಳಿ ಪರವಾನಿಗೆಯೂ ಇರಬೇಕು. ಮೊದಲ ಸಂಬಳ ಪಡೆದ 23ರ ಹುಡುಗ ಗೆಳೆಯರೊಂದಿಗೆ ಬಂದು ಗತ್ತಿನಿಂದ ಹೆನೆಸಿ ಕೇಳಿದರೆ ವಯಸ್ಸು ವಿಚಾರಿಸುವುದು ಕ್ಯಾಪ್ಟನ್ನನ ಕೆಲಸ. ಅವನು ಸಂಕೋಚಪಟ್ಟರೆ ಲೈಸನ್ಸಿಗೆ ಕುತ್ತು ಬರುವುದು ಗಲ್ಲೆಯಲ್ಲಿ ಕೂತ ಮಾಲಕರಿಗೆ.